ಸಾಮೂಹಿಕ ಬ್ಲಾಗ್ ತಾಣಗಳು ಮತ್ತು ಲೇಖಕರ ಸಂಭಾವನೆ

ಅನೇಕ ಲೇಖಕರು ಒಂದೇ ಜಾಲತಾಣದಲ್ಲಿ ತಮ್ಮ ತಮ್ಮ ಹೆಸರಿನಲ್ಲಿ ಲೇಖನ ಪ್ರಕಟಿಸಿ, ಆ ತಾಣಕ್ಕೆ ಜಾಹೀರಾತಿನಿಂದಲೋ ಚಂದಾದಿಂದಲೋ ಬರುವ ವರಮಾನದಲ್ಲಿ ಪಾಲು ಪಡೆಯುವ ವ್ಯವಸ್ಥೆ ಇದು. ತಾಣದ ಒಡೆತನ, ತಂತ್ರಾಂಶ, ಸರ್ವರಿನ ಖರ್ಚು, ಜಾಹೀರಾತುದಾರರ ಜೊತೆಗಿನ ವ್ಯವಹಾರ ಎಲ್ಲವೂ ಕಂಪನಿಗೆ ಸೇರಿದ್ದು. ಬರಹ ಮಾತ್ರ ಲೇಖಕರದು. ಪತ್ರಿಕೆಯಲ್ಲಿ ಸಂಪಾದಕರು ಲೇಖನವನ್ನು ಆರಿಸುತ್ತಾರೆ, ಅಚ್ಚಾದದ್ದಕ್ಕೆ ನಿಗದಿಯಾದ ಸಂಭಾವನೆ ಬರುತ್ತದೆ, ಎಷ್ಟು ಜನ ಓದಿದರು ಎಂಬುದರ ಮೇಲೆ ಆ ಮೊತ್ತ ಏರಿಳಿಯುವುದಿಲ್ಲ. ಸಾಮೂಹಿಕ ತಾಣದಲ್ಲಿ ಕ್ರಮ ತಿರುಗುಮುರುಗು: ಮೊದಲು ಪ್ರಕಟಣೆ, ಆಮೇಲೆ ಓದು, ಓದಿನ ಲೆಕ್ಕ ಹಿಡಿದು ಹಣ. ಸ್ವಂತ ಡೊಮೇನ್ ಕೊಂಡು ನಡೆಸುವ ಬ್ಲಾಗಿನಲ್ಲಿ ಓದುಗರನ್ನು ಕರೆತರುವ ಹೊಣೆ ಪೂರ್ತಿ ಬರೆಯುವವರದು. ಸಾಮೂಹಿಕ ತಾಣದಲ್ಲಾದರೆ ಓದುಗರು ಆಗಲೇ ನೆರೆದಿರುತ್ತಾರೆ. ಹೊಸಬರನ್ನು ಸೆಳೆಯುವುದು ಮುಖ್ಯವಾಗಿ ಇದೇ.

ಈ ವ್ಯವಸ್ಥೆ ಹುಟ್ಟಿ ಇಪ್ಪತ್ತೈದು ವರ್ಷಗಳ ಮೇಲಾಯಿತು. ಅದರ ಚರಿತ್ರೆಯನ್ನು ಓದುವವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಲೇಖಕರಿಗೆ ಎಷ್ಟು ಸಲ್ಲಬೇಕು ಎಂಬ ಲೆಕ್ಕದ ಸೂತ್ರ ಎಂದೂ ಲೇಖಕರ ಕೈಯಲ್ಲಿರಲಿಲ್ಲ. ತಾಣ ತನ್ನ ಸೂತ್ರ ಬದಲಿಸಿದಾಗ, ಹುಡುಕುಯಂತ್ರ ತನ್ನ ನಿಯಮ ತಿದ್ದಿದಾಗ ಅಥವಾ ಕಂಪನಿ ಕೈ ಬದಲಾದಾಗ, ವರ್ಷಗಟ್ಟಲೆ ಬರೆದು ಕಟ್ಟಿಕೊಂಡ ಆದಾಯ ಒಂದೇ ವಾರದಲ್ಲಿ ಕುಸಿದ ಉದಾಹರಣೆಗಳಿವೆ. ಅಮೆರಿಕದ ಲೇಖಕ ನಿಕೋಲಸ್ ಕಾರ್ 2006ರಲ್ಲೇ ಇದನ್ನು ಗೇಣಿ ಸಾಗುವಳಿಗೆ ಹೋಲಿಸಿದ್ದರು. ಹೋಲಿಕೆ ಕರ್ನಾಟಕದ ಓದುಗರಿಗೆ ಸುಲಭವಾಗಿ ಅರ್ಥವಾಗುವಂಥದು. ಆದರೆ ಇಲ್ಲಿನ ಗೇಣಿದಾರರಿಗೆ 1974ರ ಭೂಸುಧಾರಣೆ ತಿದ್ದುಪಡಿಯ ಬೆಂಬಲವಿತ್ತು. ಜಾಲತಾಣದಲ್ಲಿ ಉತ್ತವರಿಗೆ ಅಂಥ ಕಾನೂನು ಯಾವ ದೇಶದಲ್ಲೂ ಇಲ್ಲ.

ಹಣ ಬರುವ ದಾರಿಗಳು

ಎಲ್ಲಕ್ಕಿಂತ ಹೆಚ್ಚು ರೂಢಿಯಲ್ಲಿದ್ದದ್ದು ಜಾಹೀರಾತಿನ ಪಾಲು. ಗೂಗಲ್ 2003ರ ಜೂನ್‌ನಲ್ಲಿ ಆ್ಯಡ್‌ಸೆನ್ಸ್ ಆರಂಭಿಸಿತು. ಪುಟದಲ್ಲಿರುವ ವಿಷಯವನ್ನು ಯಂತ್ರವೇ ಗುರುತಿಸಿ ಅದಕ್ಕೆ ಹೊಂದುವ ಜಾಹೀರಾತನ್ನು ಅಲ್ಲಿ ಕೂರಿಸುವುದರಿಂದ, ಜಾಹೀರಾತು ವಿಭಾಗವೇ ಇಲ್ಲದ ಒಬ್ಬಂಟಿ ಲೇಖಕರೂ ಹಣ ಪಡೆಯುವಂತಾಯಿತು. ಜಾಹೀರಾತುದಾರರಿಂದ ಬಂದದ್ದರಲ್ಲಿ ಶೇ. 68 ಪ್ರಕಾಶಕರಿಗೆ ಹೋಗುತ್ತದೆ ಎಂದು ಗೂಗಲ್ ಬಹಿರಂಗಪಡಿಸಿದ್ದು 2010ರಲ್ಲಿ, ಆ್ಯಡ್‌ಸೆನ್ಸ್ ಹುಟ್ಟಿ ಏಳು ವರ್ಷ ಕಳೆದ ಮೇಲೆ. ಸಾಮೂಹಿಕ ತಾಣದಲ್ಲಿ ಈ ಪಾಲು ಮತ್ತೊಮ್ಮೆ ಒಡೆಯುತ್ತದೆ. ಹಬ್‌ಪೇಜಸ್ ತಾಣದಲ್ಲಿ ಜಾಹೀರಾತು ಕಾಣಿಸಿಕೊಳ್ಳುವ ಸಲಗಳಲ್ಲಿ ಶೇ. 60 ಲೇಖಕರ ಲೆಕ್ಕಕ್ಕೆ, ಶೇ. 40 ತಾಣದ ಲೆಕ್ಕಕ್ಕೆ ಎಂಬ ಒಪ್ಪಂದವಿತ್ತು. ಅಂದರೆ ಜಾಹೀರಾತುದಾರ ಕೊಟ್ಟ 100 ರೂಪಾಯಿಯಲ್ಲಿ ಬರೆದವರ ಕೈ ಸೇರುವುದು ಸುಮಾರು 41. ಇದು ಆ ಕಾಲದ ಉದಾರ ಒಪ್ಪಂದಗಳಲ್ಲಿ ಒಂದು ಎಂಬುದನ್ನು ನೆನಪಿಡಬೇಕು.

ಸಾವಿರ ಓದಿಗೆ ಎಷ್ಟು ಬರುತ್ತದೆ ಎಂಬುದು ಬರಹದ ಗುಣಕ್ಕಿಂತ ಹೆಚ್ಚಾಗಿ ವಿಷಯ ಮತ್ತು ಓದುಗರ ಊರಿನ ಮೇಲೆ ನಿಂತಿದೆ. ವಿಮೆ, ಬ್ಯಾಂಕ್ ಸಾಲ, ವಕೀಲಿಕೆ, ವೈದ್ಯಕೀಯ ಇವುಗಳಿಗೆ ಜಾಹೀರಾತುದಾರರು ಪೈಪೋಟಿಯ ಮೇಲೆ ಬೆಲೆ ಕಟ್ಟುತ್ತಾರೆ. ಕಾವ್ಯ, ಜಾನಪದ, ಊರಿನ ಇತಿಹಾಸ ಇವುಗಳ ಪುಟಕ್ಕೆ ಹಾಗೆ ಮುಗಿಬೀಳುವವರಿಲ್ಲ. ಹಂಪಿಯ ಮೇಲಿನ ಲೇಖನ ಇಂಗ್ಲಿಷಿನಲ್ಲಿದ್ದು ಅಮೆರಿಕದವರು ಓದಿದರೆ ಬರುವ ಹಣಕ್ಕೂ, ಅಷ್ಟೇ ಶ್ರಮದಿಂದ ಕನ್ನಡದಲ್ಲಿ ಬರೆದು ಹೊಸಪೇಟೆಯವರು ಓದಿದರೆ ಬರುವ ಹಣಕ್ಕೂ ಬಹಳ ಅಂತರವಿದೆ. ಇದು ಅನ್ಯಾಯವೆಂದು ಅನ್ನಿಸುವುದು ಸಹಜ, ಮತ್ತು ಅನ್ಯಾಯವೇ ಹೌದು. ಭಾರತೀಯ ಭಾಷೆಗಳಲ್ಲಿ ಬರೆಯುವವರು ಈ ಮಾದರಿಯಿಂದ ಬದುಕು ಕಟ್ಟಿಕೊಳ್ಳಲಾಗದ ಮೂಲ ಕಾರಣ ಇಲ್ಲಿದೆ.

ಇನ್ನುಳಿದ ದಾರಿಗಳನ್ನು ಬೇಗ ಹೇಳಬಹುದು. ಲೇಖನದಲ್ಲಿ ಹೆಸರಿಸಿದ ಸರಕನ್ನು ಓದುಗರು ಅಲ್ಲಿಂದಲೇ ಹೋಗಿ ಕೊಂಡರೆ ಕಮಿಷನ್ ಸಿಗುವ ಪದ್ಧತಿಯನ್ನು ಅಮೆಜಾನ್ 1996ರಲ್ಲಿ ಶುರುಮಾಡಿತು. ಕೆಲವು ತಾಣಗಳು ಲೇಖನಕ್ಕೆ ಇಂತಿಷ್ಟು ಎಂದು ಒಂದೇ ಸಲ ಕೊಟ್ಟು ಹಕ್ಕನ್ನು ಪೂರ್ತಿ ಕೊಳ್ಳುತ್ತವೆ. ಕೆಲವು ಓದುಗರಿಂದ ಚಂದಾ ಪಡೆದು ಅದನ್ನು ಲೇಖಕರ ನಡುವೆ ಹಂಚುತ್ತವೆ. 2017ರಲ್ಲಿ ಆರಂಭವಾದ ಸಬ್‌ಸ್ಟ್ಯಾಕ್‌ನಲ್ಲಿ ಓದುಗರ ಚಂದಾ ನೇರವಾಗಿ ಆಯಾ ಲೇಖಕರಿಗೇ ಹೋಗುತ್ತದೆ, ತಾಣ ಶೇ. 10 ಇಟ್ಟುಕೊಳ್ಳುತ್ತದೆ, ಹಣ ಸಾಗಿಸುವ ಕಂಪನಿಯ ಶುಲ್ಕ ಅದರ ಮೇಲೆ. ಓದುಗರ ಇಮೇಲ್ ವಿಳಾಸಗಳ ಪಟ್ಟಿಯನ್ನು ಲೇಖಕರು ತಮ್ಮೊಂದಿಗೆ ಒಯ್ಯಬಹುದು ಎಂಬುದು ಅದರ ದೊಡ್ಡ ಗುಣ.

ಜಾಹೀರಾತು ಪಾಲಿನ ದಶಕ

ಮೊದಮೊದಲ ಪ್ರಯೋಗಗಳಲ್ಲಿ ಒಂದು 1999ರಲ್ಲಿ ಬಂದ ಎಪಿನಿಯನ್ಸ್. ಕ್ಯಾಮೆರಾ, ಕಾರು, ಪುಸ್ತಕಗಳ ಬಗ್ಗೆ ಸಾಮಾನ್ಯ ಗ್ರಾಹಕರು ಬರೆದ ವಿಮರ್ಶೆಗಳನ್ನು ಅದು ಪ್ರಕಟಿಸಿ, ಓದಿನ ಪ್ರಮಾಣದಲ್ಲಿ ವರಮಾನದ ಪಾಲು ಕೊಡುತ್ತಿತ್ತು. ಆ್ಯಡ್‌ಸೆನ್ಸ್ ಬಂದ ಮೇಲೆ ಈ ಬಗೆಯ ತಾಣಗಳು ಸಾಲುಗಟ್ಟಿದವು. ಡೆನ್ವರಿನಲ್ಲಿ 2005ರಲ್ಲಿ ಅಸೋಸಿಯೇಟೆಡ್ ಕಂಟೆಂಟ್, 2006ರಲ್ಲಿ ಹಬ್‌ಪೇಜಸ್ ಮತ್ತು ಹೀಲಿಯಂ, ಅದೇ ಹೊತ್ತಿಗೆ ಮಾರ್ಕೆಟಿಂಗ್ ಲೇಖಕ ಸೇತ್ ಗೋಡಿನ್ ಕಟ್ಟಿದ ಸ್ಕ್ವಿಡೂ. ಸ್ಕ್ವಿಡೂ ತನ್ನ ವರಮಾನದಲ್ಲಿ ಶೇ. 50 ಲೇಖಕರಿಗೆ, ಶೇ. 45 ತನಗೆ, ಶೇ. 5 ದಾನಧರ್ಮಕ್ಕೆ ಎಂದು ಹಂಚಿಕೆ ಮಾಡಿಕೊಂಡಿತ್ತು. ಲೇಖಕರು ಬಯಸಿದರೆ ತಮ್ಮ ಪಾಲನ್ನೂ ದಾನಕ್ಕೆ ಬಿಡಬಹುದಿತ್ತು.

ಈ ತಾಣಗಳಲ್ಲಿ ಬರೆದವರು ಹೆಚ್ಚಿನವರು ವೃತ್ತಿಪರ ಲೇಖಕರಲ್ಲ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರು, ನಿವೃತ್ತ ಶಿಕ್ಷಕರು, ವಿದ್ಯಾರ್ಥಿಗಳು, ಕೆಲಸ ಕಳೆದುಕೊಂಡ ಪತ್ರಕರ್ತರು. ತಮಗೆ ಗೊತ್ತಿದ್ದದ್ದನ್ನು, ಅಂದರೆ ತೋಟಗಾರಿಕೆ, ಹೊಲಿಗೆ, ಕಾಯಿಲೆಯ ಅನುಭವ, ಊರಿನ ವಿಶೇಷ, ಇವನ್ನು ಅವರು ಬರೆದರು. ಅವರ ಸಾವಿರಾರು ಲೇಖನಗಳಲ್ಲಿ ಬೇರೆಲ್ಲೂ ದಾಖಲಾಗದ ತಿಳಿವಳಿಕೆಯೂ ಇತ್ತು. ಆ ತಾಣಗಳನ್ನು ಇಂದು ನೆನೆಯುವಾಗ ಕಸದ ರಾಶಿ ಎಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಅದು ಅರ್ಧ ಸತ್ಯ.

ಉಳಿದ ಅರ್ಧವೂ ಇದೆ. 2006ರಲ್ಲಿ ರಿಚರ್ಡ್ ರೋಸನ್‌ಬ್ಲಾಟ್ ಮತ್ತು ಶಾನ್ ಕೋಲೋ ಆರಂಭಿಸಿದ ಡಿಮಾಂಡ್ ಮೀಡಿಯಾ, ಜನ ಗೂಗಲ್‌ನಲ್ಲಿ ಏನು ಹುಡುಕುತ್ತಾರೆ, ಅದರ ಜಾಹೀರಾತಿಗೆ ಎಷ್ಟು ಬೆಲೆ ಎಂದು ಯಂತ್ರದಿಂದ ಲೆಕ್ಕಹಾಕಿಸಿ ಶೀರ್ಷಿಕೆಗಳ ಪಟ್ಟಿ ತಯಾರಿಸುತ್ತಿತ್ತು. ಬರೆಯುವವರು ಪಟ್ಟಿಯಿಂದ ಒಂದನ್ನು ಎತ್ತಿಕೊಂಡು ಬರೆದರೆ ಸಾಮಾನ್ಯವಾಗಿ 15 ಡಾಲರ್. ಲೇಖನದ ಹಕ್ಕು ಕಂಪನಿಯದು. 2009ರ ಸುಮಾರಿಗೆ ಅದು ದಿನಕ್ಕೆ 4,000ದಷ್ಟು ಲೇಖನ ಮತ್ತು ವಿಡಿಯೊ ಹೊರತರುತ್ತಿದೆ ಎಂದು ವೈರ್ಡ್ ಪತ್ರಿಕೆ ಬರೆದಿತ್ತು. ಒಂದು ಲೇಖನಕ್ಕೆ ಎರಡು ಗಂಟೆ ವ್ಯಯಿಸಿದರೂ ನಷ್ಟ ಎಂಬ ಲೆಕ್ಕದಲ್ಲಿ ಬರೆಯುವವರು ಓದಿ, ವಿಚಾರಿಸಿ, ತಿದ್ದಿ ಬರೆಯುವುದು ಸಾಧ್ಯವಿಲ್ಲ. ಬರಹದ ಮಟ್ಟ ಕುಸಿದದ್ದು ಬರೆದವರ ಸೋಮಾರಿತನದಿಂದಲ್ಲ, ದರದಿಂದ. 2011ರ ಜನವರಿಯಲ್ಲಿ ಈ ಕಂಪನಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಾಗ ಅದರ ಬೆಲೆ ನ್ಯೂಯಾರ್ಕ್ ಟೈಮ್ಸ್ ಕಂಪನಿಯ ಬೆಲೆಯನ್ನೂ ಮೀರಿತ್ತು.

ಯಾಹೂ 2010ರಲ್ಲಿ ಅಸೋಸಿಯೇಟೆಡ್ ಕಂಟೆಂಟನ್ನು ಸುಮಾರು 10 ಕೋಟಿ ಡಾಲರಿಗೆ ಕೊಂಡಿತು. ಆಗ ಅಲ್ಲಿ ಬರೆಯುತ್ತಿದ್ದವರಿಗೆ ಸಾವಿರ ಓದಿಗೆ ಸಿಗುತ್ತಿದ್ದದ್ದು ಒಂದೂವರೆ ಡಾಲರಿನ ಆಸುಪಾಸು.

2011ರ ಫೆಬ್ರವರಿ

ಡಿಮಾಂಡ್ ಮೀಡಿಯಾ ಷೇರುಪೇಟೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. 2011ರ ಫೆಬ್ರವರಿ 24ರಂದು ಗೂಗಲ್ ತನ್ನ ಹುಡುಕಾಟದ ಕ್ರಮದಲ್ಲಿ ಒಂದು ಬದಲಾವಣೆ ಪ್ರಕಟಿಸಿತು. ಪಾಂಡಾ ಎಂದು ಹೆಸರಾದ ಆ ಬದಲಾವಣೆ ಅಮೆರಿಕದ ಶೇ. 12ರಷ್ಟು ಹುಡುಕಾಟಗಳ ಫಲಿತಾಂಶವನ್ನು ಕದಲಿಸಿತು. ಸತ್ವವಿಲ್ಲದ ಪುಟಗಳನ್ನು ಕೆಳಕ್ಕೆ ತಳ್ಳುವುದು ಅದರ ಉದ್ದೇಶ. ತಾಣದಲ್ಲಿ ಟೊಳ್ಳು ಪುಟಗಳು ಹೆಚ್ಚಾಗಿದ್ದರೆ ಇಡೀ ತಾಣದ ಸ್ಥಾನವೇ ಇಳಿಯುತ್ತಿತ್ತು. ಸಾಮೂಹಿಕ ತಾಣಗಳಿಗೆ ಇದು ಮರ್ಮಕ್ಕೆ ಬಿದ್ದ ಪೆಟ್ಟು. ಕಾಳಜಿಯಿಂದ ಬರೆದವರೂ, ಅವಸರದಲ್ಲಿ ಗೀಚಿದವರೂ ಒಂದೇ ಡೊಮೇನಿನ ಕೆಳಗೆ ಇದ್ದುದರಿಂದ ಇಬ್ಬರ ಓದುಗರೂ ಒಟ್ಟಿಗೆ ಕಾಣೆಯಾದರು.

ಹಬ್‌ಪೇಜಸ್ ಅದೇ ವರ್ಷ ಪ್ರತಿ ಲೇಖಕರಿಗೂ ಪ್ರತ್ಯೇಕ ಉಪಡೊಮೇನ್ ಕೊಟ್ಟು, ಒಬ್ಬರ ದೋಷ ಇನ್ನೊಬ್ಬರಿಗೆ ತಗಲದಂತೆ ನೋಡಿಕೊಂಡಿತು. ಕೆಲವು ಲೇಖಕರ ಓದು ಮರಳಿ ಬಂತು. 2016ರಿಂದ ಅದು ಒಳ್ಳೆಯ ಲೇಖನಗಳನ್ನು ಆರಿಸಿ, ಸಾಕುಪ್ರಾಣಿ, ಅಡುಗೆ, ಶಿಕ್ಷಣ ಎಂದು ವಿಷಯವಾರು ಬೇರೆ ತಾಣಗಳಿಗೆ ಸಾಗಿಸಿತು, ಸಂಪಾದಕರನ್ನೂ ನೇಮಿಸಿತು. ಸಂಪಾದಕರೇ ಬೇಡ ಎಂದು ಹೊರಟ ಮಾದರಿ ಹತ್ತು ವರ್ಷಗಳಲ್ಲಿ ಸಂಪಾದಕರ ಬಳಿಗೇ ಬಂದು ನಿಂತದ್ದು ಗಮನಾರ್ಹ. 2018ರಲ್ಲಿ ಹಬ್‌ಪೇಜಸ್ ಮೇವೆನ್ ಕಂಪನಿಯ ಪಾಲಾಯಿತು. ಉಳಿದ ತಾಣಗಳಿಗೆ ಅಷ್ಟು ಆಯುಷ್ಯವಿರಲಿಲ್ಲ. ಅಸೋಸಿಯೇಟೆಡ್ ಕಂಟೆಂಟ್ ಯಾಹೂ ವಾಯ್ಸಸ್ ಎಂದು ಹೆಸರು ಬದಲಿಸಿಕೊಂಡು, 2012ರಲ್ಲಿ ನಾಲ್ಕೂವರೆ ಲಕ್ಷದಷ್ಟು ಖಾತೆಗಳ ಪಾಸ್‌ವರ್ಡ್ ಸೋರಿಕೆಗೆ ಗುರಿಯಾಗಿ, 2014ರಲ್ಲಿ ಮುಚ್ಚಿತು. ಸ್ಕ್ವಿಡೂ ಅದೇ ವರ್ಷ ಹಬ್‌ಪೇಜಸ್‌ನಲ್ಲಿ ಲೀನವಾಯಿತು, ಹೀಲಿಯಂ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. 2012ರಲ್ಲಿ ಬಂದ ಬಬ್ಲೂಸ್ ಪ್ರತಿ ಓದಿಗೆ, ಪ್ರತಿ ಮೆಚ್ಚುಗೆಗೆ ಒಂದು ಸೆಂಟ್ ಎಂದು ಘೋಷಿಸಿ ಜಗತ್ತಿನ ಅನೇಕ ಕಡೆಯ ಬರಹಗಾರರನ್ನು ಸೆಳೆಯಿತು. ಜಾಹೀರಾತಿನಿಂದ ಅಷ್ಟು ಹಣ ಹುಟ್ಟುವುದಿಲ್ಲ ಎಂಬುದು ಸರಳ ಗಣಿತ. 2015ರ ನವೆಂಬರಿನಲ್ಲಿ ಅದು ನಿಂತುಹೋಯಿತು.

ಸಂಭಾವನೆಯಿಲ್ಲದ ಬರಹದ ಮೊಕದ್ದಮೆ

ಲೇಖಕರ ಶ್ರಮಕ್ಕೆ ತಾಣ ಏನು ಕೊಡಬೇಕು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದು ಹಫಿಂಗ್ಟನ್ ಪೋಸ್ಟ್ ಪ್ರಕರಣದಲ್ಲಿ. 2005ರಲ್ಲಿ ಹುಟ್ಟಿದ ಆ ತಾಣದಲ್ಲಿ ಸಾವಿರಾರು ಬ್ಲಾಗಿಗರು ಸಂಭಾವನೆ ಇಲ್ಲದೆ ಬರೆಯುತ್ತಿದ್ದರು. ಹೆಸರು ಮತ್ತು ಓದುಗರು ಸಿಕ್ಕರೆ ಸಾಕೆಂಬ ಒಡಂಬಡಿಕೆ. 2011ರ ಫೆಬ್ರವರಿಯಲ್ಲಿ ಎಒಎಲ್ ಕಂಪನಿ ಅದನ್ನು 31.5 ಕೋಟಿ ಡಾಲರಿಗೆ ಕೊಂಡಾಗ ಬರೆದವರ ಪಾಲಿಗೆ ಒಂದು ಪೈಸೆಯೂ ಬರಲಿಲ್ಲ. ಲೇಖಕ ಮತ್ತು ಕಾರ್ಮಿಕ ಹೋರಾಟಗಾರ ಜೊನಾಥನ್ ಟಸೀನಿ ಸುಮಾರು 9,000 ಬ್ಲಾಗಿಗರ ಪರವಾಗಿ 10.5 ಕೋಟಿ ಡಾಲರ್, ಅಂದರೆ ಮಾರಾಟದ ಮೂರನೇ ಒಂದು ಭಾಗ, ಕೇಳಿ ದಾವೆ ಹೂಡಿದರು. ಹಣ ಸಿಗುವುದಿಲ್ಲ ಎಂಬುದು ಮೊದಲೇ ಗೊತ್ತಿದ್ದು ಬರೆದಿದ್ದಾರೆ, ಮಾತು ಕೊಟ್ಟು ತಪ್ಪಿದ್ದೇನೂ ಇಲ್ಲ ಎಂದು 2012ರ ಮಾರ್ಚ್‌ನಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಮೇಲ್ಮನವಿಯಲ್ಲೂ ಅದೇ ತೀರ್ಪು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ಸರಿಯಿರಬಹುದು. ಆದರೆ ಒಂದು ತಾಣದ ಬೆಲೆ ಏರುವುದು ಅಲ್ಲಿ ಬರೆದವರಿಂದ ಎಂಬ ಟಸೀನಿಯವರ ವಾದಕ್ಕೆ ಆ ತೀರ್ಪು ಉತ್ತರ ಕೊಟ್ಟಿಲ್ಲ. 2018ರ ಜನವರಿಯಲ್ಲಿ ಹಫ್‌ಪೋಸ್ಟ್ ಅಮೆರಿಕದಲ್ಲಿ ಉಚಿತ ಬರಹಗಾರರ ಆ ವಿಭಾಗವನ್ನೇ ನಿಲ್ಲಿಸಿತು.

ಚಂದಾ ಹಂಚಿಕೆ: ಮೀಡಿಯಂ

ಬ್ಲಾಗರ್ ಮತ್ತು ಟ್ವಿಟರ್‌ಗಳ ಸ್ಥಾಪಕರಲ್ಲಿ ಒಬ್ಬರಾದ ಇವಾನ್ ವಿಲಿಯಮ್ಸ್ 2012ರ ಆಗಸ್ಟ್‌ನಲ್ಲಿ ಮೀಡಿಯಂ ಆರಂಭಿಸಿದರು. ಜಾಹೀರಾತಿನಿಂದ ನಡೆಯುವ ಬರಹಲೋಕ ಹಾಳಾಗಿದೆ ಎಂದು ಅವರು 2017ರ ಜನವರಿಯಲ್ಲಿ ಸಾರಿದರು. ಅದೇ ದಿನ ಐವತ್ತು ಉದ್ಯೋಗಿಗಳನ್ನು ಕೆಲಸದಿಂದ ತೆಗೆದರು. ಮಾರ್ಚ್‌ನಲ್ಲಿ ತಿಂಗಳಿಗೆ 5 ಡಾಲರ್ ಸದಸ್ಯತ್ವ ಬಂತು, ಆಗಸ್ಟ್‌ನಲ್ಲಿ ಲೇಖಕರ ಪಾಲುದಾರಿಕೆ ಯೋಜನೆ.

ಸೂತ್ರ ಎರಡು ಸಲ ಬದಲಾದ ಬಗೆಯನ್ನು ಗಮನಿಸಬೇಕು, ಏಕೆಂದರೆ ಪ್ರತಿ ಬದಲಾವಣೆಯೂ ಬರಹದ ರೂಪವನ್ನೇ ತಿದ್ದಿತು. ಮೊದಲು ಸದಸ್ಯರು ಹೊಡೆದ ಚಪ್ಪಾಳೆಯ ಲೆಕ್ಕ. ಒಬ್ಬ ಸದಸ್ಯ ತಿಂಗಳಲ್ಲಿ ಯಾರಿಗೆ ಎಷ್ಟು ಚಪ್ಪಾಳೆ ಕೊಟ್ಟನೋ ಅದರಂತೆ ಅವನ ಚಂದಾ ಹಂಚಿಕೆಯಾಗುತ್ತಿತ್ತು. ಓದುಗರನ್ನು ಹುರಿದುಂಬಿಸುವ, ಕೊನೆಯಲ್ಲಿ ಚಪ್ಪಾಳೆ ಕೇಳುವ ಬರಹಗಳು ಹೆಚ್ಚಿದವು. 2019ರ ಅಕ್ಟೋಬರಿನಲ್ಲಿ ಚಪ್ಪಾಳೆಯ ಜಾಗಕ್ಕೆ ಓದಿದ ಸಮಯ ಬಂತು. ಆಗ ಉದ್ದನೆಯ ಲೇಖನಗಳಿಗೆ ಅನುಕೂಲ. ಎರಡು ನಿಮಿಷದಲ್ಲಿ ಓದಿ ಮುಗಿಯುವ ಕವಿತೆಯವರಿಗೆ ನಷ್ಟ. 2023ರಲ್ಲಿ ಮತ್ತೆ ಸೂತ್ರ ತಿದ್ದಿದರು: ಕನಿಷ್ಠ 30 ಸೆಕೆಂಡ್ ಓದು, ಚಪ್ಪಾಳೆ, ಪ್ರತಿಕ್ರಿಯೆ, ಗೆರೆ ಎಳೆದು ಗುರುತಿಸಿದ ಸಾಲು, ಎಲ್ಲವೂ ಸೇರಿದ ಮಿಶ್ರಣ. ಜೊತೆಗೆ ಮನುಷ್ಯರೇ ಓದಿ ಆರಿಸಿದ ಲೇಖನಗಳನ್ನು ಹೆಚ್ಚು ಓದುಗರಿಗೆ ತಲುಪಿಸುವ ಬೂಸ್ಟ್ ಎಂಬ ಏರ್ಪಾಡು. ಈ ಮೂರರಲ್ಲಿ ಕೊನೆಯದೇ ಬರಹದ ಗುಣಕ್ಕೆ ಹತ್ತಿರವಾದದ್ದು, ಆದರೆ ಒಂದು ಲೇಖನಕ್ಕೆ ಏಕೆ ಇಷ್ಟೇ ಬಂತು ಎಂದು ಲೇಖಕರು ಸ್ವತಃ ಲೆಕ್ಕ ಹಾಕಿ ನೋಡುವುದು ಇದರಲ್ಲಿ ಅಸಾಧ್ಯ.

ಎಷ್ಟು ಜನ ಗಳಿಸುತ್ತಾರೆ? ಯೋಜನೆಯ ಆರಂಭದ ವರ್ಷಗಳಲ್ಲಿ ಮೀಡಿಯಂ ತಾನೇ ತಿಂಗಳಿಗೊಮ್ಮೆ ಹೊರಡಿಸುತ್ತಿದ್ದ ಲೆಕ್ಕದಂತೆ, ತಿಂಗಳಿಗೆ 100 ಡಾಲರಿಗಿಂತ ಹೆಚ್ಚು ಪಡೆದವರು ಬರೆಯುವವರಲ್ಲಿ ಶೇ. 10ಕ್ಕಿಂತ ಕಡಿಮೆ. ಅತಿ ಹೆಚ್ಚು ಪಡೆದ ಕೆಲವರ ಮೊತ್ತ ಸಾವಿರಗಳಲ್ಲಿತ್ತು, ಸುದ್ದಿಯಾದದ್ದು ಅದೇ. ಬರೆದು ಲಕ್ಷ ಗಳಿಸಿ ಎಂದು ಹೇಳುವ ಕೋರ್ಸುಗಳು ಮೊದಲ ಅಂಕಿಯನ್ನು ಹೇಳುವುದಿಲ್ಲ.

ಟೋಕನ್ ಕೊಟ್ಟ ತಾಣ

2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನಿಯಲ್ ಲ್ಯಾರಿಮರ್ ಆರಂಭಿಸಿದ ಸ್ಟೀಮಿಟ್ ರೂಪಾಯಿ, ಡಾಲರ್ ಬಿಟ್ಟು ತನ್ನದೇ ಕ್ರಿಪ್ಟೊ ನಾಣ್ಯದಲ್ಲಿ ಸಂಭಾವನೆ ಕೊಟ್ಟಿತು. ಲೇಖನ ಪ್ರಕಟವಾದ ಏಳು ದಿನಗಳೊಳಗೆ ಬಿದ್ದ ಮತಗಳ ಮೇಲೆ ಮೊತ್ತ ನಿರ್ಧಾರವಾಗುತ್ತಿತ್ತು. ಎಂಟನೆಯ ದಿನದಿಂದ ಆ ಲೇಖನವನ್ನು ಎಷ್ಟು ಜನ ಓದಿದರೂ ಹಣವಿಲ್ಲ. ಮತದ ತೂಕ ಎಲ್ಲರಿಗೂ ಒಂದೇ ಅಲ್ಲ, ಹೆಚ್ಚು ನಾಣ್ಯ ಕೂಡಿಟ್ಟವರ ಮತಕ್ಕೆ ಹೆಚ್ಚು ತೂಕ. ಹೀಗಾಗಿ ಬರಹಕ್ಕಿಂತ ಸಿರಿವಂತ ಮತದಾರರ ಒಲವು ಮುಖ್ಯವಾಯಿತು, ಮತ ಮಾರುವ ದಂಧೆಯೂ ಬೆಳೆಯಿತು. ನಾಣ್ಯದ ಬೆಲೆ ಕುಸಿದಾಗ, 2018ರ ನವೆಂಬರಿನಲ್ಲಿ, ಕಂಪನಿ ಶೇ. 70ರಷ್ಟು ಸಿಬ್ಬಂದಿಯನ್ನು ಕೈಬಿಟ್ಟಿತು. 2020ರಲ್ಲಿ ಕ್ರಿಪ್ಟೊ ಉದ್ಯಮಿ ಜಸ್ಟಿನ್ ಸನ್ ಅದನ್ನು ಕೊಂಡರು. ಬಳಕೆದಾರರ ದೊಡ್ಡ ಗುಂಪು ಮಾರ್ಚ್‌ನಲ್ಲಿ ಸಿಡಿದು ಹೈವ್ ಎಂಬ ಬೇರೆ ಬ್ಲಾಕ್‌ಚೈನ್ ಕಟ್ಟಿಕೊಂಡಿತು, ಹಳೆಯ ಲೇಖನಗಳನ್ನೂ ಜೊತೆಗೆ ಒಯ್ದಿತು. ಮಾಲೀಕರು ಬದಲಾದಾಗ ಬರೆದವರು ತಮ್ಮ ಬರಹ, ತಮ್ಮ ಓದುಗರೊಡನೆ ಎದ್ದುಹೋಗಲು ಸಾಧ್ಯವಾದ ಅಪರೂಪದ ನಿದರ್ಶನ ಇದು.

ಪೂರ್ವ ಏಷ್ಯ

ಅಮೆರಿಕದ ಹೊರಗೆ ಎರಡು ಪ್ರಯೋಗಗಳು ವಿಶೇಷ. ದಕ್ಷಿಣ ಕೊರಿಯಾದಲ್ಲಿ ಓ ಯಾನ್-ಹೋ 2000ದ ಫೆಬ್ರವರಿಯಲ್ಲಿ ಆರಂಭಿಸಿದ ಓಮೈನ್ಯೂಸ್, ಪ್ರತಿ ಪ್ರಜೆಯೂ ವರದಿಗಾರ ಎಂಬ ನಂಬಿಕೆಯ ಮೇಲೆ ನಿಂತ ಸುದ್ದಿತಾಣ. ಸಾಮಾನ್ಯ ಜನ ಬರೆದದ್ದನ್ನು ಸಂಪಾದಕರು ಪರಿಶೀಲಿಸಿ ಪ್ರಕಟಿಸುತ್ತಾರೆ, ಮುಖಪುಟದ ಅಗ್ರಸ್ಥಾನಕ್ಕೆ ಏರಿದ ವರದಿಗೆ ಸುಮಾರು 20,000 ವಾನ್ ಕೊಡುತ್ತಿದ್ದರು. ಮೊತ್ತ ಸಣ್ಣದು. ಆದರೆ ದರ ಮೊದಲೇ ಗೊತ್ತು, ಆರಿಸಿದವರು ಮನುಷ್ಯರು. ಜಪಾನಿನಲ್ಲಿ 2014ರಲ್ಲಿ ಬಂದ ನೋಟ್ ತಾಣದಲ್ಲಿ ಲೇಖಕರು ಒಂದೊಂದು ಲೇಖನಕ್ಕೂ ತಾವೇ ಬೆಲೆ ನಿಗದಿಪಡಿಸಿ ಮಾರಬಹುದು. ಜಾಹೀರಾತನ್ನು ನೆಚ್ಚದೆ ಒಂದೇ ದೇಶದ, ಒಂದೇ ಭಾಷೆಯ ಓದುಗರನ್ನು ನಂಬಿ ಬೆಳೆದ ಈ ತಾಣ ಕನ್ನಡದಂಥ ಭಾಷೆಗಳಿಗೆ ಅಮೆರಿಕದ ತಾಣಗಳಿಗಿಂತ ಒಳ್ಳೆಯ ಮಾದರಿ ಎಂಬುದು ಈ ಲೇಖಕನ ಅಭಿಪ್ರಾಯ.

ಭಾರತ ಮತ್ತು ಕನ್ನಡ

ಕನ್ನಡದಲ್ಲಿ ಸಾಮೂಹಿಕ ತಾಣಗಳು ಹಣದ ಮಾತಿಲ್ಲದೆ ಹುಟ್ಟಿದವು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂದಿತ್ತು, ಆಮೇಲೆ ಯೂನಿಕೋಡ್ ಹಬ್ಬಿ ಕನ್ನಡ ಅಕ್ಷರ ಯಾವ ಕಂಪ್ಯೂಟರಿನಲ್ಲೂ ಕಾಣುವಂತಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಸಂಪದ ತಾಣವನ್ನು ಕಟ್ಟಿದಾಗ ಬೆಂಗಳೂರಿನವರು, ಶಿವಮೊಗ್ಗದವರು, ಕ್ಯಾಲಿಫೋರ್ನಿಯಾದ ಕನ್ನಡಿಗರು ಒಂದೇ ಕಡೆ ಬರೆಯತೊಡಗಿದರು. ಜಿ. ಎನ್. ಮೋಹನ್ ಅವರ ಅವಧಿ, ಅಬ್ದುಲ್ ರಶೀದ್ ಅವರ ಕೆಂಡಸಂಪಿಗೆ, 2013ರಲ್ಲಿ ಆರಂಭವಾದ ಹೊನಲು ಹೀಗೆ ಸಾಲು ಮುಂದುವರಿಯಿತು. ವಿಜ್ಞಾನ, ಪ್ರವಾಸ, ಅಂಕಣ, ಕವಿತೆ ಎಲ್ಲ ಬಗೆಯ ಗದ್ಯಪದ್ಯಗಳಿಗೆ ಇವು ಮನೆಯಾದವು. ಇಲ್ಲಿ ಬರೆದವರು ಭಾಷೆಯ ಮೇಲಿನ ಪ್ರೀತಿಯಿಂದ ಬರೆದರು, ನಡೆಸಿದವರು ಕೈಯಿಂದ ಖರ್ಚು ಮಾಡಿ ನಡೆಸಿದರು. ಸುಧಾ, ತರಂಗ, ಮಯೂರದಂಥ ಪತ್ರಿಕೆಗಳಿಂದ ಬರುತ್ತಿದ್ದ ಮನಿಯಾರ್ಡರ್, ಚೆಕ್ಕುಗಳ ಸಂಭಾವನೆಯ ಪರಂಪರೆ ಮಾತ್ರ ಜಾಲಕ್ಕೆ ದಾಟಿ ಬರಲಿಲ್ಲ.

ಜಾಹೀರಾತಿನ ದಾರಿಯೂ ಬಹುಕಾಲ ಮುಚ್ಚಿತ್ತು. ಆ್ಯಡ್‌ಸೆನ್ಸ್ ಹಿಂದಿಯನ್ನು ಒಪ್ಪಿಕೊಂಡದ್ದು 2014ರ ಡಿಸೆಂಬರಿನಲ್ಲಿ. ಬಂಗಾಳಿಯನ್ನು 2017ರಲ್ಲಿ, ತಮಿಳು, ತೆಲುಗುಗಳನ್ನು 2018ರಲ್ಲಿ. ಕನ್ನಡದ ಸರದಿ ಇವುಗಳ ನಂತರ ಬಂತು. ಅಂದರೆ ಇಂಗ್ಲಿಷ್ ಲೇಖಕರ ಜಾಹೀರಾತು ದಶಕ ಏರಿ, ಇಳಿದು, ಮುಗಿದೇ ಹೋದ ಮೇಲೆ ಕನ್ನಡಕ್ಕೆ ಬಾಗಿಲು ತೆರೆಯಿತು. ಬಾಗಿಲು ತೆರೆದ ಮೇಲೂ ಹಳ್ಳಿಯಿಂದ ಬರೆಯುವವರಿಗೆ ಸಣ್ಣಪುಟ್ಟ ತೊಡಕುಗಳಿವೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಗೂಗಲ್ ಮಾಮೂಲಿ ಅಂಚೆಯಲ್ಲಿ ಒಂದು ಪಿನ್ ಸಂಖ್ಯೆ ಕಳಿಸುತ್ತದೆ; ಮನೆ ನಂಬರಿಲ್ಲದ ಊರುಗಳಲ್ಲಿ ಆ ಲಕೋಟೆ ಕೈಸೇರುವುದು ಅಂಚೆಯಣ್ಣನ ಪರಿಚಯವನ್ನು ಅವಲಂಬಿಸಿದೆ. ಹಣ ಬ್ಯಾಂಕಿಗೆ ಬರುವುದು ಲೆಕ್ಕ 100 ಡಾಲರ್ ದಾಟಿದ ಮೇಲೆ. ಕನ್ನಡ ಬ್ಲಾಗೊಂದಕ್ಕೆ ಆ ನೂರು ಕೂಡಲು ವರ್ಷಗಳು ಹಿಡಿಯಬಹುದು.

ಭಾರತದ ಮಾರುಕಟ್ಟೆ ನೋಡಿ ಬಂದ ವಿದೇಶಿ ಕಂಪನಿಗಳಲ್ಲಿ ಅಲಿಬಾಬಾ ಸಮೂಹದ ಯುಸಿವೆಬ್ 2017ರಲ್ಲಿ ವೀ-ಮೀಡಿಯಾ ಎಂಬ ಯೋಜನೆಯಡಿ ಬರಹಗಾರರಿಗೆ ಓದಿನ ಲೆಕ್ಕದಲ್ಲಿ ಹಣ ಕೊಡಲು ಮುಂದಾಯಿತು. ಉತ್ತರ ಭಾರತದ ಸಣ್ಣ ಪಟ್ಟಣಗಳ ಅನೇಕ ಯುವಕರು ಅಲ್ಲಿ ಬರೆದರು, ಕೆಲವರಿಗೆ ಅದೇ ಮೊದಲ ಸಂಪಾದನೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಯುಸಿ ನ್ಯೂಸ್ ಇತ್ತು.

ಕನ್ನಡದಲ್ಲಿ ಜಾಲದ ಬರಹಕ್ಕೆ ಓದುಗರೇ ಹಣ ಕೊಡುವ ವ್ಯವಸ್ಥೆ ಕೊನೆಗೂ ಬೇರೂರಿದ್ದು ಲೇಖನದಿಂದ ಅಲ್ಲ, ಕಥೆಯಿಂದ. 2014ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಪ್ರತಿಲಿಪಿ ಕನ್ನಡವೂ ಸೇರಿ ಹನ್ನೆರಡು ಭಾರತೀಯ ಭಾಷೆಗಳಲ್ಲಿ ಯಾರು ಬೇಕಾದರೂ ಕಥೆ ಪ್ರಕಟಿಸಬಹುದಾದ ತಾಣ. ಆರಂಭದ ವರ್ಷಗಳಲ್ಲಿ ಅಲ್ಲಿಯೂ ಬರೆದವರಿಗೆ ಹಣವಿರಲಿಲ್ಲ. ನಂತರ ಓದುಗರು ನಾಣ್ಯಗಳನ್ನು ಕೊಂಡು ಮೆಚ್ಚಿನ ಲೇಖಕರಿಗೆ ಕೊಡುವ, ಲೇಖಕರಿಗೇ ಚಂದಾ ಕಟ್ಟುವ ಏರ್ಪಾಡುಗಳು ಬಂದವು. ಧಾರಾವಾಹಿಯ ಮುಂದಿನ ಅಧ್ಯಾಯವನ್ನು ಚಂದಾದಾರರು ಮೊದಲು ಓದುತ್ತಾರೆ, ಉಳಿದವರು ಕಾಯುತ್ತಾರೆ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂರುತ್ತಿದ್ದ ಓದುಗವರ್ಗಕ್ಕೆ ಈ ಕ್ರಮ ಹೊಸದೇನಲ್ಲ. ಬರೆಯುವವರಲ್ಲಿ ಗೃಹಿಣಿಯರ ಸಂಖ್ಯೆ ದೊಡ್ಡದು; ಪ್ರಕಾಶಕರ ಬಳಿ ಹಸ್ತಪ್ರತಿ ಹಿಡಿದು ಹೋಗಲು ಅವಕಾಶವೇ ಇರದಿದ್ದವರು ಇಂದು ತಮ್ಮ ಹೆಸರಿನ ಖಾತೆಗೆ ಹಣ ಪಡೆಯುತ್ತಿದ್ದಾರೆ. ವಿಮರ್ಶಕರು ಈ ಕಥೆಗಳತ್ತ ಕಣ್ಣೆತ್ತಿ ನೋಡದಿರುವುದು ಕನ್ನಡ ವಿಮರ್ಶೆಗೆ ಶೋಭೆಯಲ್ಲ. ಆದರೆ ಪ್ರಬಂಧ, ವಿಜ್ಞಾನ ಲೇಖನ, ಸ್ಥಳೀಯ ಇತಿಹಾಸ ಬರೆಯುವವರಿಗೆ ಇಂಥ ನೆಲೆ ಇನ್ನೂ ಒದಗಿಲ್ಲ. ಮುಂದಿನ ಅಧ್ಯಾಯದ ಕುತೂಹಲವಿಲ್ಲದ ಬರಹಕ್ಕೆ ಓದುಗರು ಚಂದಾ ಕಟ್ಟುವಂತೆ ಮಾಡುವುದು ಹೇಗೆಂಬುದನ್ನು ಕನ್ನಡದ ತಾಣಗಳು ಕಂಡುಕೊಳ್ಳಬೇಕಾಗಿದೆ.

ಹಕ್ಕು ಮತ್ತು ತೆರಿಗೆ

ಹೆಚ್ಚಿನ ತಾಣಗಳಲ್ಲಿ ಕೃತಿಸ್ವಾಮ್ಯ ಲೇಖಕರಲ್ಲೇ ಉಳಿಯುತ್ತದೆ, ತಾಣಕ್ಕೆ ಸಿಗುವುದು ಪ್ರಕಟಿಸುವ ಪರವಾನಗಿ. ನಿಗದಿತ ಮೊತ್ತ ಕೊಡುವ ತಾಣಗಳು ಮಾತ್ರ ಹಕ್ಕನ್ನು ಪೂರ್ತಿ ಕೇಳುತ್ತವೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಪ್ರಕರಣ ಇಲ್ಲಿ ಲೇಖಕರ ನೆರವಿಗೆ ನಿಲ್ಲುತ್ತದೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿರಬೇಕು. ಎಷ್ಟು ವರ್ಷಕ್ಕೆ ಎಂದು ಹೇಳದಿದ್ದರೆ ಐದು ವರ್ಷಕ್ಕೆ ಎಂದೂ, ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಎಂದೂ ಭಾವಿಸಬೇಕು. 57ನೇ ಪ್ರಕರಣದ ಪ್ರಕಾರ ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಲೇಖಕರಿಗಿದೆ. ಒಪ್ಪಂದಕ್ಕೆ ಟಿಕ್ ಹಾಕುವ ಮೊದಲು ಅದನ್ನು ಓದುವವರು ಕಡಿಮೆ. ಹಳೆಯ ಲೇಖನಗಳ ಪ್ರತಿಯನ್ನು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವವರು ಇನ್ನೂ ಕಡಿಮೆ, ಮತ್ತು ಮುಚ್ಚಿದ ತಾಣಗಳೊಂದಿಗೆ ಅಳಿದುಹೋದ ಬರಹಗಳಲ್ಲಿ ಬಹುಪಾಲು ಇಂಥವರದು.

ಗಳಿಕೆ ಎಷ್ಟೇ ಸಣ್ಣದಾದರೂ ಅದು ತೆರಿಗೆ ಲೆಕ್ಕಕ್ಕೆ ಸೇರುವ ಆದಾಯ. ಭಾರತದ ಕಂಪನಿ ವೃತ್ತಿಶುಲ್ಕವಾಗಿ ಕೊಡುವ ಹಣ ವರ್ಷದ ಮಿತಿ ದಾಟಿದರೆ ಶೇ. 10 ಟಿಡಿಎಸ್ ಕಡಿತವಾಗುತ್ತದೆ. ಅಮೆರಿಕದ ತಾಣಗಳು ಡಬ್ಲ್ಯು-8 ಬೆನ್ ಎಂಬ ನಮೂನೆ ಕೇಳುತ್ತವೆ. ಎರಡು ದೇಶಗಳ ತೆರಿಗೆ ಒಪ್ಪಂದದ ಅನುಕೂಲ ಪಡೆಯಲು ಅದು ಬೇಕು. ಕ್ರಿಪ್ಟೊ ನಾಣ್ಯ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ ಇದೆ.

ಯಂತ್ರ ಬರೆಯತೊಡಗಿದ ಮೇಲೆ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಾಮೂಹಿಕ ತಾಣಗಳಲ್ಲಿ ಯಂತ್ರ ಬರೆದ ಲೇಖನಗಳ ಪ್ರವಾಹವೇ ಹರಿಯಿತು. ಡಿಮಾಂಡ್ ಮೀಡಿಯಾ 15 ಡಾಲರಿಗೆ ಬರೆಸುತ್ತಿದ್ದ ಬಗೆಯ ಲೇಖನದ ಖರ್ಚು ಶೂನ್ಯದ ಹತ್ತಿರ ಬಂತು. 2024ರ ಮೇ 1ರಿಂದ ಯಂತ್ರ ಬರೆದ ಲೇಖನಗಳಿಗೆ ಪಾಲುದಾರಿಕೆ ಯೋಜನೆಯ ಹಣ ಕೊಡುವುದಿಲ್ಲ ಎಂದು ಮೀಡಿಯಂ ನಿಯಮ ಮಾಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಗೂಗಲ್, ರಾಶಿಗಟ್ಟಲೆ ಪುಟ ಉತ್ಪಾದಿಸುವ ತಾಣಗಳ ವಿರುದ್ಧ ಹೊಸ ನೀತಿ ತಂದಿತು. ಹುಡುಕಿದವರಿಗೆ ಉತ್ತರವನ್ನು ಗೂಗಲ್ ತಾನೇ ಸಾರಾಂಶವಾಗಿ ಕೊಡತೊಡಗಿರುವುದರಿಂದ ಓದುಗರು ಲೇಖನದ ಪುಟಕ್ಕೆ ಬರುವ ಅಗತ್ಯವೂ ತಗ್ಗುತ್ತಿದೆ.

ಇದರ ಜೊತೆಗೆ ಬರಹದಿಂದ ಹುಟ್ಟುವ ಹಣದ ಹೊಸ ಮೂಲವೊಂದು ತೆರೆದಿದೆ: ಭಾಷಾಮಾದರಿಗಳ ತರಬೇತಿಗೆ ಬರಹವನ್ನು ಮಾರುವುದು. 2024ರ ಫೆಬ್ರವರಿಯಲ್ಲಿ ರೆಡಿಟ್ ತನ್ನ ಬಳಕೆದಾರರು ಬರೆದದ್ದನ್ನು ಗೂಗಲ್ ಬಳಸಿಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅದರ ಮೌಲ್ಯ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಎಂದು ರಾಯಿಟರ್ಸ್ ವರದಿ ಮಾಡಿತು. ಮೀಡಿಯಂನ ಮುಖ್ಯಸ್ಥ ಟೋನಿ ಸ್ಟಬಲ್‌ಬೈನ್ 2023ರ ಸೆಪ್ಟೆಂಬರಿನಲ್ಲೇ, ಲೇಖಕರ ಒಪ್ಪಿಗೆ, ಹೆಸರಿನ ಉಲ್ಲೇಖ ಮತ್ತು ಸಂಭಾವನೆ ಇಲ್ಲದೆ ತಮ್ಮ ತಾಣದ ಬರಹವನ್ನು ತರಬೇತಿಗೆ ಬಳಸಲು ಬಿಡುವುದಿಲ್ಲ ಎಂಬ ನಿಲುವು ತೆಗೆದುಕೊಂಡಿದ್ದರು. ರೆಡಿಟ್ ಒಪ್ಪಂದದ ಹಣದಲ್ಲಿ ಅಲ್ಲಿ ಬರೆದವರಿಗೆ ಪಾಲು ಇಲ್ಲ.